ಕಾಯಿದೆಯನ್ನು ಊರಿನ ಕೈಗಿತ್ತ ಗುರು

(ಪ್ರೊ. ಮಾಧವ ಗಾಡ್ಗೀಳರ ಸ್ಮರಣೆಗಾಗಿ ನಮ್ಮ ಉಚಿತ ವಾಚನಾಲಯದಲ್ಲಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ವಾರಕ್ಕೊಂದೇ ದಿನ ಬಿಡುವು. ಆ ದಿನವೂ ಬಟ್ಟೆ ಒಗೆಯಬೇಕು, ಸಂತೆ ಮಾಡಬೇಕು, ಊರಿಗೆ ಹಣ ಕಳಿಸಬೇಕು. ಇಷ್ಟು ಕೆಲಸಗಳನ್ನು ಬದಿಗಿಟ್ಟು ನೀವೆಲ್ಲ ಇಲ್ಲಿ ಬಂದು ಕುಳಿತಿರುವುದು ನನಗೆ ಸಂತೋಷವನ್ನುಂಟುಮಾಡಿದೆ. ಆದ್ದರಿಂದ ಹೆಚ್ಚು ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಪ್ರೊ. ಮಾಧವ ಗಾಡ್ಗೀಳರು ೨೦೨೬ರ ಜನವರಿ ೭ರಂದು ಇದೇ ಪುಣೆ ನಗರದಲ್ಲಿ ತೀರಿಕೊಂಡರು. ಅವರಿಗೆ ಎಂಬತ್ತಮೂರು ವರ್ಷ ವಯಸ್ಸಾಗಿತ್ತು. ಮರಾಠಿ ಮನೆಯಲ್ಲಿ ಹುಟ್ಟಿ ಬೆಳೆದ ವಿಜ್ಞಾನಿಯೊಬ್ಬರನ್ನು ಕನ್ನಡ ಸಂಘದವರು ಏಕೆ ನೆನೆಯಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ಸುಲಭವಾಗಿದೆ. ನಾವು ಹೊಟ್ಟೆಪಾಡಿಗಾಗಿ ಕನ್ನಡನಾಡಿನಿಂದ ಪುಣೆಗೆ ಬಂದವರು. ಅವರು ವಿದ್ಯೆಯ ಸಲುವಾಗಿ ಪುಣೆಯಿಂದ ಕನ್ನಡನಾಡಿಗೆ ಹೋಗಿ ಮೂವತ್ತೊಂದು ವರ್ಷ ಅಲ್ಲಿ ಪಾಠ ಹೇಳಿದವರು. ಉತ್ತರ ಕನ್ನಡದ ಕಾಡಿನಲ್ಲಿ ಅವರು ಕಲಿತ ಪಾಠ ಮುಂದೆ ಇಡೀ ದೇಶದ ಕಾಯಿದೆಗಳಲ್ಲಿ ಸೇರಿಕೊಂಡಿತು. ಈ ಸಂಗತಿ ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಗಾಡ್ಗೀಳರು ವಕೀಲರಲ್ಲ, ಕರಿ ಕೋಟು ತೊಟ್ಟು ನ್ಯಾಯಾಲಯದಲ್ಲಿ ವಾದಿಸಿದವರಲ್ಲ. ಆದರೂ ಪರಿಸರದ ಕಾನೂನನ್ನು ಜನಕ್ಕೆ ಕಲಿಸಿದ ದೊಡ್ಡ ಉಪಾಧ್ಯಾಯರಲ್ಲಿ ನಾನು ಅವರನ್ನು ಎಣಿಸುತ್ತೇನೆ. ಅವರ ಜೀವನದಿಂದ ನಾನು ಹೆಕ್ಕಿದ ಮಾತು ಇಷ್ಟೇ: ಕಾಯಿದೆ ಯಾರನ್ನು ಕುರಿತದ್ದೋ ಅವರು ಅದನ್ನು ಓದಬೇಕು, ಅದನ್ನು ಬರೆಯುವಾಗ ಅವರ ತಿಳಿವಳಿಕೆಯೂ ಅದರಲ್ಲಿ ಸೇರಬೇಕು. ಈ ಮಾತನ್ನು ನಾಲ್ಕಾರು ನಿದರ್ಶನಗಳಿಂದ ತೋರಿಸಲು ಯತ್ನಿಸುತ್ತೇನೆ.

ಮೊದಲು ಅವರ ಜೀವನದ ಕೆಲವು ವಿವರಗಳು. ಜನನ ೧೯೪೨ರ ಮೇ ೨೪, ಪುಣೆಯಲ್ಲಿ. ತಂದೆ ಧನಂಜಯರಾವ್ ಗಾಡ್ಗೀಳರು ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರು. ಪ್ರವರಾನಗರದ ಸಹಕಾರಿ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿ ಅವರದು ದೊಡ್ಡ ಪಾಲು. ರಾಜ್ಯಗಳಿಗೆ ಕೇಂದ್ರದ ನೆರವನ್ನು ಹಂಚಲು ಹುಟ್ಟಿದ ‘ಗಾಡ್ಗೀಳ ಸೂತ್ರ’ಕ್ಕೆ ಆ ಹೆಸರು ಬಂದದ್ದು ಅವರಿಂದಲೇ. ಅವರಿಗೆ ಹಕ್ಕಿಗಳನ್ನು ನೋಡುವ ಹವ್ಯಾಸವಿತ್ತು. ಅದು ಮಗನಿಗೂ ಅಂಟಿತು. ಹದಿನಾಲ್ಕರ ಹುಡುಗ ಮಾಧವ, ಗಿಣಿಹಸಿರು ಬಣ್ಣದ ಪತ್ರಂಗ ಹಕ್ಕಿಯ ಬಾಲದ ಸೂಜಿಗರಿ ಏಕೆ ಕಾಣುತ್ತಿಲ್ಲವೆಂದು ಪ್ರಸಿದ್ಧ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರನ್ನು ಕೇಳಿದನಂತೆ. ಅದು ಗರಿ ಉದುರುವ ಕಾಲವೆಂದು ಆ ಹಿರಿಯರು ತಿಳಿಸಿ ಹೇಳಿದರು. ಮಕ್ಕಳ ಪ್ರಶ್ನೆಗೆ ದೊಡ್ಡವರು ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಫರ್ಗ್ಯೂಸನ್ ಕಾಲೇಜಿನಲ್ಲಿ ಪದವಿ, ಮುಂಬಯಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ., ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೬೯ರಲ್ಲಿ ಡಾಕ್ಟರೇಟ್. ಅಲ್ಲಿಯೇ ನೆಲೆಸುವ ಅವಕಾಶವಿದ್ದರೂ ೧೯೭೧ರಲ್ಲಿ ಪತ್ನಿ ಸುಲೋಚನಾ ಅವರೊಂದಿಗೆ ಹಿಂತಿರುಗಿದರು. ಆಕೆಯೂ ಹಾರ್ವರ್ಡಿನಲ್ಲಿ ಕಲಿತವರು. ಮುಂದೆ ನಮ್ಮ ಮಳೆಗಾಲದ ಮೇಲೆ ಹೆಸರಾಂತ ಸಂಶೋಧನೆ ಮಾಡಿದರು. ಅವರು ತೀರಿಕೊಂಡದ್ದು ೨೦೨೫ರ ಜುಲೈಯಲ್ಲಿ. ಪುಣೆಯಲ್ಲಿ ಎರಡು ವರ್ಷ ಕೆಲಸ ಮಾಡಿ ೧೯೭೩ರಲ್ಲಿ ದಂಪತಿಗಳಿಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಗಾಡ್ಗೀಳರು ೧೯೮೩ರಲ್ಲಿ ಅಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅದೇ ವರ್ಷ ಕರ್ನಾಟಕ ಸರಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ೨೦೦೪ರಲ್ಲಿ ನಿವೃತ್ತರಾಗಿ ಪುಣೆಗೆ ಮರಳಿದರು. ೧೯೮೧ರಲ್ಲಿ ಪದ್ಮಶ್ರೀ, ೨೦೦೬ರಲ್ಲಿ ಪದ್ಮಭೂಷಣ, ೨೦೨೪ರಲ್ಲಿ ವಿಶ್ವಸಂಸ್ಥೆಯ ಪರಿಸರ ಗೌರವ ಅವರಿಗೆ ಸಂದವು. ಬಿರುದುಗಳ ಪಟ್ಟಿ ಇನ್ನೂ ಉದ್ದವಿದೆ. ಅದನ್ನು ಅಲ್ಲಿಗೇ ಬಿಡೋಣ.

ಈಗ ಬಿದಿರಿನ ಕಥೆ ಹೇಳುತ್ತೇನೆ. ನಿಮ್ಮಲ್ಲಿ ಶಿರಸಿ, ಹಳಿಯಾಳ, ಯಲ್ಲಾಪುರದ ಕಡೆಯವರಿದ್ದರೆ ಚೆನ್ನಾಗಿ ಅರ್ಥವಾದೀತು. ೧೯೭೫ರ ಹೊತ್ತಿಗೆ ಕರ್ನಾಟಕದ ಕಾಡುಗಳಲ್ಲಿ ಬಿದಿರು ಬರಿದಾಗುತ್ತ ಬಂದಿತ್ತು. ಬುಟ್ಟಿ ಹೆಣೆಯುವ ಮೇದಾರರು, ತಮಗೆ ಬಿದಿರು ಸಿಕ್ಕದಾಗಿದೆ, ಇದ್ದುದೆಲ್ಲ ಕಾಗದದ ಕಾರ್ಖಾನೆಗೆ ಹೋಗುತ್ತಿದೆ ಎಂದು ದೂರುತ್ತಿದ್ದರು. ಹಳ್ಳಿಯವರೂ ಅವರ ದನಗಳೂ ಕಾಡು ಹಾಳುಮಾಡುತ್ತಿದ್ದಾರೆಂಬುದು ಕಚೇರಿಗಳ ಅಭಿಪ್ರಾಯ. ನಿಜಸ್ಥಿತಿಯನ್ನು ಅರಿತು ಹೇಳಿರೆಂದು ಸರಕಾರ ಗಾಡ್ಗೀಳರಿಗೆ ಒಪ್ಪಿಸಿತು. ಅವರು ಲೆಕ್ಕ ತೆಗೆದಾಗ ದಾಂಡೇಲಿಯ ಕಾರ್ಖಾನೆಗೆ ಟನ್ನು ಬಿದಿರು ಎರಡು ರೂಪಾಯಿಗೂ ಕಡಿಮೆ ದರದಲ್ಲಿ ಸಿಗುತ್ತಿದ್ದುದು ಕಂಡಿತು. ಮೇದಾರನು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರಬೇಕಾಗಿತ್ತು. ಎರಡು ರೂಪಾಯಿಯ ಸರಕನ್ನು ಯಾರು ಜೋಪಾನ ಮಾಡುತ್ತಾರೆ? ಒಂದು ಕಾಡು ಮುಗಿದರೆ ಇನ್ನೊಂದು ಕಾಡು ಎಂದು ಕಾರ್ಖಾನೆ ಮುಂದೆ ಸಾಗುತ್ತಿತ್ತು.

ಇದಕ್ಕಿಂತ ಸ್ವಾರಸ್ಯವಾದ ಭಾಗ ಇನ್ನೊಂದಿದೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟ ಹೊದಿಕೆ ಇರುತ್ತದಷ್ಟೆ. ಅದನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯ ಇಲಾಖೆಯವರು ನಂಬಿದ್ದರು. ಹಾಗೆಯೇ ಕೆಲಸ ಮಾಡಿಸುತ್ತಿದ್ದರು. ಹಳ್ಳಿಯ ಜನ ಮಾತ್ರ, ಮುಳ್ಳು ಹೋದರೆ ಕಳಲೆಗೆ ಕಾವಲು ಹೋಯಿತು, ದನವೂ ಕಾಡುಪ್ರಾಣಿಯೂ ಎಳೆ ಮೊಳಕೆಯನ್ನು ಮೇದುಬಿಡುತ್ತವೆ ಎಂದು ಗಾಡ್ಗೀಳರಿಗೆ ಹೇಳಿದರು. ಅವರು ಆ ಮಾತನ್ನು ತಳ್ಳಿಹಾಕಲಿಲ್ಲ. ಸುಮ್ಮನೆ ಒಪ್ಪಲೂ ಇಲ್ಲ. ಮುಳ್ಳು ಸವರಿದ ಮೆಳೆ, ಸವರದ ಮೆಳೆ ಎಂದು ವಿಂಗಡಿಸಿ ಪರೀಕ್ಷೆ ಮಾಡಿ ನೋಡಿದರು. ಹಳ್ಳಿಯವರು ಹೇಳಿದ್ದೇ ಸರಿಯಾಗಿತ್ತು. ಹಾರ್ವರ್ಡಿನ ಪಂಡಿತ ಉತ್ತರ ಕನ್ನಡದ ರೈತನಿಂದ ಪಾಠ ಕಲಿತು, ಅದನ್ನು ಮರೆಮಾಚದೆ ಜೀವಮಾನವಿಡೀ ಹೇಳುತ್ತ ಬಂದ. ಗುರುವಿನ ಲಕ್ಷಣ ಇದೇ ಎಂದು ನಾನು ಭಾವಿಸಿದ್ದೇನೆ.

ಈ ಬಿದಿರಿಗೂ ಕಾನೂನಿಗೂ ಏನು ಸಂಬಂಧ? ಕೇಳಿ. ಬ್ರಿಟಿಷರು ೧೮೭೮ರಲ್ಲಿ ಅರಣ್ಯ ಕಾಯಿದೆ ಮಾಡಿ, ಊರವರು ತಲೆತಲಾಂತರದಿಂದ ಬಳಸುತ್ತಿದ್ದ ಕಾಡುಗಳ ಬಹುಭಾಗವನ್ನು ಸರಕಾರದ್ದನ್ನಾಗಿ ಮಾಡಿಕೊಂಡರು. ೧೯೨೭ರ ಕಾಯಿದೆ ಅದನ್ನೇ ಬಲಪಡಿಸಿತು. ಸೌದೆ, ಸೊಪ್ಪು ತಂದವನು ಅಪರಾಧಿಯಾದ. ೧೯೩೦ರಲ್ಲಿ ಉತ್ತರ ಕನ್ನಡದವರು ಅರಣ್ಯ ಸತ್ಯಾಗ್ರಹ ಹೂಡಿದ್ದು ನಿಮಗೆ ಗೊತ್ತಿದೆ. ಗಾಡ್ಗೀಳರು ಇತಿಹಾಸಕಾರ ರಾಮಚಂದ್ರ ಗುಹಾ ಅವರೊಂದಿಗೆ ೧೯೯೨ರಲ್ಲಿ ಬರೆದ ಗ್ರಂಥದಲ್ಲಿ ಈ ಕಾಯಿದೆಗಳ ಚರಿತ್ರೆಯನ್ನು ಬಿಡಿಸಿ ತೋರಿಸಿದ್ದಾರೆ.

ಆ ಚರಿತ್ರೆಯಲ್ಲಿ ಒಂದು ಬೆಳಕಿನ ಕಿಂಡಿಯೂ ಇದೆ. ಜನರ ಅಸಮಾಧಾನವನ್ನು ಕಂಡು ಕಾಲಿನ್ಸ್ ಎಂಬ ಅಧಿಕಾರಿ ೧೯೨೧ರಲ್ಲಿ ಒಂದು ವರದಿ ಬರೆದ. ಅದರ ಫಲವಾಗಿ ಕುಮಟಾ ತಾಲೂಕಿನ ಹಳಕಾರ, ಚಿತ್ರಗಿ, ಕಲ್ಲಬ್ಬೆಗಳಂಥ ಊರುಗಳಿಗೆ ತಮ್ಮ ಕಾಡನ್ನು ತಾವೇ ನೋಡಿಕೊಳ್ಳುವ ಗ್ರಾಮಾರಣ್ಯ ಪಂಚಾಯಿತಿಗಳು ದೊರೆತವು. ಹಳಕಾರದವರು ಊರಿಗೊಬ್ಬ ಕಾವಲುಗಾರನನ್ನಿಟ್ಟು, ಸೌದೆಗೆ ನಿಯಮ ಮಾಡಿಕೊಂಡು ಕಾಡನ್ನು ಕಾಪಾಡಿದರು. ಸ್ವಾತಂತ್ರ್ಯಾನಂತರ ಸರಕಾರ ಇಂಥ ಪಂಚಾಯಿತಿಗಳನ್ನು ರದ್ದುಮಾಡಲು ಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ತಮ್ಮದನ್ನು ಉಳಿಸಿಕೊಂಡರು. ಜನರ ಕೈಗೆ ಕಾಡು ಕೊಟ್ಟರೆ ಉಳಿಯುವುದಿಲ್ಲ ಎಂದು ಯಾರಾದರೂ ಅಂದಾಗ ಗಾಡ್ಗೀಳರು ಈ ಊರುಗಳ ಕಡೆಗೆ ಬೆರಳು ತೋರಿಸುತ್ತಿದ್ದರು.

ಇನ್ನು ಕಾಯಿದೆಯ ಒಂದೇ ಒಂದು ಶಬ್ದದ ಮಹಿಮೆ ನೋಡಿ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿ. ೧೯೨೭ರ ಕಾಯಿದೆ ಅದನ್ನು ‘ಮರ’ ಎಂದಿತ್ತು. ಮರವೆಂದ ಮೇಲೆ ಕಡಿಯಲು, ಸಾಗಿಸಲು ಇಲಾಖೆಯ ಪರವಾನಗಿ ಬೇಕು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಜೇನು, ಬೀಡಿ ಎಲೆಗಳ ಸಾಲಿಗೆ, ಅಂದರೆ ಕಿರು ಅರಣ್ಯ ಉತ್ಪನ್ನಗಳಿಗೆ ಸೇರಿಸಿತು. ನಮ್ಮ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಎಂಬ ಗೋಂಡರ ಸಣ್ಣ ಹಳ್ಳಿ, ಈ ಕಾಯಿದೆಯನ್ನು ತಾನೇ ಕುಳಿತು ಓದಿ ಅಭ್ಯಾಸ ಮಾಡಿತು. ೨೦೦೯ರಲ್ಲಿ ಸುಮಾರು ೧,೮೦೦ ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಪಡೆಯಿತು. ಆದರೂ ಬಿದಿರು ಸಾಗಿಸಲು ಅನುಮತಿ ಸಿಗಲಿಲ್ಲ. ಕೊನೆಗೆ ೨೦೧೧ರ ಏಪ್ರಿಲಿನಲ್ಲಿ ಕೇಂದ್ರದ ಪರಿಸರ ಸಚಿವರೇ ಆ ಹಳ್ಳಿಗೆ ಬಂದು, ಸಾಗಣೆ ಪರವಾನಗಿಯ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಗಡಚಿರೋಲಿಯ ಗ್ರಾಮಸಭೆಗಳೊಂದಿಗೆ ಗಾಡ್ಗೀಳರು ಇಳಿವಯಸ್ಸಿನಲ್ಲೂ ದುಡಿದರು. ೧೯೭೫ರಲ್ಲಿ ಎರಡು ರೂಪಾಯಿಯ ಬಿದಿರಿನ ಲೆಕ್ಕ ತೆಗೆದವರು, ಮೂವತ್ತಾರು ವರ್ಷಗಳ ನಂತರ ಒಂದು ಹಳ್ಳಿ ತನ್ನ ಬಿದಿರನ್ನು ತಾನೇ ಬೆಲೆ ಕಟ್ಟಿ ಮಾರಿದ್ದನ್ನು ಕಂಡರು.

ಇನ್ನು ಅವರ ಕೈ ನೇರವಾಗಿ ತಗಲಿದ ಕಾಯಿದೆಯ ಮಾತು. ೨೦೦೨ರಲ್ಲಿ ಸಂಸತ್ತು ಜೀವವೈವಿಧ್ಯ ಕಾಯಿದೆಯನ್ನು ಒಪ್ಪಿತು. ಅದರ ಕರಡು ಸಿದ್ಧಪಡಿಸಿದ ತಜ್ಞರಲ್ಲಿ ಗಾಡ್ಗೀಳರೂ ಒಬ್ಬರು. ಆ ಕಾಯಿದೆಯ ೪೧ನೆಯ ಕಲಮು ಹೇಳುವುದೇನೆಂದರೆ, ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ, ಅಂದರೆ ಗ್ರಾಮಪಂಚಾಯಿತಿಯಿಂದ ಮಹಾನಗರಪಾಲಿಕೆಯವರೆಗೆ, ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿ ಊರವರನ್ನು ಕೇಳಿ ಒಂದು ದಾಖಲೆ ಪುಸ್ತಕ ಬರೆಯಬೇಕು. ನಮ್ಮ ಊರಿನ ಜೋಳದ ತಳಿಗಳು ಯಾವುವು, ಯಾವ ಬೇರು ಯಾವ ರೋಗಕ್ಕೆ, ಹಳ್ಳದ ಮೀನು ಮೊದಲೆಷ್ಟಿತ್ತು ಈಗೆಷ್ಟಿದೆ, ದೇವರ ಕಾಡಿಗೆ ಏನು ಕಟ್ಟುಪಾಡು ಎಂಬುದೆಲ್ಲ ಅದರಲ್ಲಿ ಬರಬೇಕು. ಈ ದಾಖಲೆಯ ಕಲ್ಪನೆಯನ್ನು ತೊಂಬತ್ತರ ದಶಕದಲ್ಲೇ ಹಳ್ಳಿಗಳಲ್ಲಿ ಪ್ರಯೋಗ ಮಾಡಿ ಬೆಳೆಸಿದವರು ಗಾಡ್ಗೀಳರು. ಹಿತ್ತಲ ಗಿಡದ ಗುಣ ಬಲ್ಲ ಅಜ್ಜಿಯ ತಿಳಿವಳಿಕೆಗೆ ಸರಕಾರಿ ಕಾಗದದಲ್ಲಿ ಸ್ಥಾನ ದೊರೆತದ್ದು ಹೀಗೆ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಲ್ಲೂರಿನ ಹುಣಸೆ ತೋಪು ೨೦೦೭ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯಿದೆಯ ಮೇರೆಗೆ.

ಆದರೆ ಕಾಯಿದೆ ಬಂದರೆ ಸಾಕೆ? ಹದಿನೈದು ವರ್ಷ ಹೆಚ್ಚಿನ ಪಂಚಾಯಿತಿಗಳಲ್ಲಿ ಸಮಿತಿಯೇ ಆಗಿರಲಿಲ್ಲ. ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು, ೨೦೨೦ರ ಜನವರಿ ೩೧ರೊಳಗೆ ಎಲ್ಲ ಕಡೆ ಸಮಿತಿ, ದಾಖಲೆ ಎರಡೂ ಆಗಬೇಕು, ತಪ್ಪಿದ ರಾಜ್ಯ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ಕಟ್ಟಬೇಕು ಎಂದು ಆಜ್ಞೆ ಮಾಡಿತು. ಆಗ ನೋಡಿ, ಕೆಲವೇ ತಿಂಗಳಲ್ಲಿ ಸಮಿತಿಗಳು ರಾಶಿರಾಶಿಯಾಗಿ ಹುಟ್ಟಿದವು! ಕಚೇರಿಯಲ್ಲಿ ಕೆಲಸ ಮಾಡಿದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ: ಮಾರ್ಚ್ ತಿಂಗಳ ಕೊನೆಯ ವಾರ ಕಡತಗಳು ಹೇಗೆ ತುಂಬುತ್ತವೆಂಬುದು ಗೊತ್ತೇ ಇದೆ. ಎಷ್ಟೋ ಊರುಗಳಲ್ಲಿ ಊರವರ ಅರಿವಿಗೇ ಬಾರದೆ ಅವರ ಹೆಸರಿನ ಪುಸ್ತಕ ಸಿದ್ಧವಾಯಿತು. ಜನರ ಬಾಯಿಂದ ಬರಬೇಕಾದ ದಾಖಲೆ ಹೀಗೆ ಹುಟ್ಟಿದರೆ ಕಾಯಿದೆಯ ಒಡಲು ಉಳಿದು ಉಸಿರು ಹೋದಂತೆ. ಗಾಡ್ಗೀಳರಿಗೆ ನೋವಾಗಿದ್ದರೆ ಅದು ಸಹಜವೇ.

ಅವರ ಹೆಸರು ಮನೆಮಾತಾದದ್ದು ಪಶ್ಚಿಮಘಟ್ಟಗಳ ವರದಿಯಿಂದ. ೨೦೧೦ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ೨೦೧೧ರ ಆಗಸ್ಟಿನಲ್ಲಿ ವರದಿ ಒಪ್ಪಿಸಲಾಯಿತು. ಆರು ರಾಜ್ಯಗಳ ಘಟ್ಟಪ್ರದೇಶವನ್ನು ಅದರ ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಕೂಡದು, ಏನು ಆಗಬಹುದು ಎಂದು ಅದರಲ್ಲಿ ಸೂಚಿಸಿದ್ದರು. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದೂ ಹೇಳಿದ್ದರು. ಸಚಿವಾಲಯ ವರದಿಯನ್ನು ಪ್ರಕಟಿಸದೆ ಇಟ್ಟುಕೊಂಡಿತು. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. ೨೦೧೨ರ ಏಪ್ರಿಲಿನಲ್ಲಿ ಮಾಹಿತಿ ಆಯೋಗ ಪ್ರಕಟಿಸಲು ಆದೇಶಿಸಿತು. ಸಚಿವಾಲಯ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅಲ್ಲಿಯೂ ಸೋತಿತು. ಮೇ ತಿಂಗಳ ೨೩ರಂದು ವರದಿ ಹೊರಬಿತ್ತು. ಜನರಿಗಾಗಿ, ಜನರ ಹಣದಿಂದ ಬರೆದ ವರದಿಯನ್ನು ಜನ ಓದಲು ಇಷ್ಟು ಹೋರಾಡಬೇಕಾಯಿತು.

ಮುಂದೆ ಆದದ್ದೂ ಓದಿನ ಕೊರತೆಯಿಂದಲೇ. ವರದಿಯನ್ನು ಸ್ಥಳೀಯ ಭಾಷೆಗಳಿಗೆ ತರ್ಜುಮೆ ಮಾಡಿ ಪ್ರತಿ ಗ್ರಾಮಸಭೆಯ ಮುಂದಿಟ್ಟು ಅಭಿಪ್ರಾಯ ಪಡೆಯಬೇಕು, ಗೆರೆ ಎಳೆಯುವ ಕೊನೆಯ ಮಾತು ಊರವರದ್ದಾಗಬೇಕು ಎಂದು ಗಾಡ್ಗೀಳರು ಒತ್ತಿ ಹೇಳಿದ್ದರು. ಅದು ಆಗಲಿಲ್ಲ. ಓದದ ಪುಸ್ತಕದ ಬಗ್ಗೆ ಸುದ್ದಿಯೇ ಹಬ್ಬಿತು: ತೋಟ ಕಿತ್ತುಕೊಳ್ಳುತ್ತಾರೆ, ಮನೆ ರಿಪೇರಿ ಮಾಡಗೊಡುವುದಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂದು. ಕೇರಳದಲ್ಲಿ ಅವರ ಪ್ರತಿಕೃತಿ ಸುಟ್ಟರು. ಕೊಡಗು, ಮಲೆನಾಡುಗಳಲ್ಲೂ ರೈತರು ಹೆದರಿದರು. ಆ ಹೆದರಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಹಿಂದೆ ಕಾಯಿದೆಯ ಹೆಸರಿನಲ್ಲಿ ಕಾಡಿನಂಚಿನ ಬಡವನು ಪಟ್ಟ ಪಾಡು ಸುಳ್ಳಲ್ಲ. ಮೇಲಿನಿಂದ ಬಂದ ಕಾಗದವೆಂದರೆ ಅವನಿಗೆ ದಿಗಿಲು. ಇತ್ತ ವನ್ಯಜೀವಿ ಪ್ರೇಮಿಗಳಲ್ಲಿ ಕೆಲವರಿಗೂ ಗಾಡ್ಗೀಳರು ಸರಿಬರಲಿಲ್ಲ. ಬೆಳೆ ತಿನ್ನುವ ಕಾಡುಹಂದಿಯನ್ನು ರೈತ ಕೊಲ್ಲಲು ಅವಕಾಶವಿರಲಿ ಎಂದವರು ಅವರು. ಹೀಗೆ ಎರಡು ಕಡೆಯಿಂದಲೂ ಬೈಸಿಕೊಂಡರು. ಎಲ್ಲರ ಮುಂದೆ ಬಂದು ವಾದಿಸಿದರು.

೨೦೧೩ರಲ್ಲಿ ಕಸ್ತೂರಿರಂಗನ್ ಸಮಿತಿ ಇನ್ನೊಂದು ವರದಿ ಕೊಟ್ಟು, ಘಟ್ಟದ ೩೭ ಶೇಕಡಾ ಭಾಗವನ್ನು ಸೂಕ್ಷ್ಮವೆಂದು ಗುರುತಿಸಿತು. ೨೦೧೪ರಿಂದ ೨೦೨೪ರ ವರೆಗೆ ಕರಡು ಅಧಿಸೂಚನೆ ಆರು ಬಾರಿ ಹೊರಟಿತು. ಈ ನಡುವೆ ಮಳೆ ಕಾಯಲಿಲ್ಲ. ೨೦೧೪ರ ಜುಲೈ ೩೦ರಂದು ನಮ್ಮ ಪುಣೆ ಜಿಲ್ಲೆಯ ಆಂಬೇಗಾಂವ ತಾಲೂಕಿನ ಮಾಳಿಣ ಗ್ರಾಮದ ಮೇಲೆ ಗುಡ್ಡ ಜರಿದು ಸುಮಾರು ೧೫೦ ಜನ ಮಣ್ಣಾದರು. ಸರಿಯಾಗಿ ಹತ್ತು ವರ್ಷದ ನಂತರ, ೨೦೨೪ರ ಅದೇ ಜುಲೈ ೩೦ರಂದು, ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ವೈತಿರಿ ತಾಲೂಕು ಗಾಡ್ಗೀಳ ವರದಿಯ ಒಂದನೆಯ ವಲಯದಲ್ಲಿತ್ತು. ಒಂದೊಂದು ದುರಂತಕ್ಕೂ ಕಾರಣಗಳು ಹಲವು. ವರದಿಯೊಂದನ್ನು ಒಪ್ಪಿದ್ದರೆ ಎಲ್ಲವೂ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಸತ್ತವರಲ್ಲಿ ತೋಟದ ಕೂಲಿಗಳು, ದೂರದಿಂದ ದುಡಿಯಲು ಬಂದವರು ಇದ್ದರೆಂಬುದನ್ನು ಮಾತ್ರ ನಾವು ಮರೆಯಬಾರದು. ಗುಡ್ಡದ ಬುಡದಲ್ಲಿ, ಹೊಳೆಯ ದಂಡೆಯಲ್ಲಿ ಅಗ್ಗದ ಬಾಡಿಗೆಗೆ ಇರುವವರು ನಮ್ಮಂಥವರೇ ತಾನೆ? ಮುಠಾ ನದಿಗೆ ನೀರು ಬಿಟ್ಟ ರಾತ್ರಿ ಸಾಮಾನು ಹೊತ್ತು ಮೇಲೇರಿದವರು ಈ ಸಭೆಯಲ್ಲಿಯೂ ಇರಬಹುದು.

ಆದ್ದರಿಂದಲೇ ಭಾಷೆಯ ಪ್ರಶ್ನೆ ನಮಗೆ ಅಭಿಮಾನದ ಪ್ರಶ್ನೆಯಷ್ಟೇ ಅಲ್ಲ. ಕೇಂದ್ರದ ಕರಡುಗಳು ರಾಜಪತ್ರದಲ್ಲಿ ಅಚ್ಚಾಗುವುದು ಹಿಂದಿ, ಇಂಗ್ಲಿಷುಗಳಲ್ಲಿ. ಆಕ್ಷೇಪಣೆಗೆ ಅರುವತ್ತು ದಿನ ಗಡುವು. ೨೦೨೦ರಲ್ಲಿ ಪರಿಸರ ಪರಿಣಾಮದ ಹೊಸ ಕರಡು ಹೀಗೆಯೇ ಬಂದಾಗ, ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ಅದನ್ನು ತರ್ಜುಮೆ ಮಾಡಿಸಿ ಎಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರ ಸಾಲದೆಂಬ ಕಾರಣಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯವೂ ತಾತ್ಕಾಲಿಕ ತಡೆ ಕೊಟ್ಟಿತು. ತನಗೆ ತಿಳಿಯದ ಭಾಷೆಯಲ್ಲಿ ಬರೆದ ಪ್ರಶ್ನೆಗೆ ಯಾರು ತಾನೆ ಉತ್ತರ ಕೊಡಬಲ್ಲರು? ಗಾಡ್ಗೀಳರ ಆತ್ಮಕಥೆ ೨೦೨೩ರಲ್ಲಿ ಇಂಗ್ಲಿಷಿನ ಜತೆಗೆ ಕನ್ನಡ, ಮರಾಠಿ ಮೊದಲಾದ ಭಾಷೆಗಳಲ್ಲಿಯೂ ಹೊರಬಂತು. ಬಾಳಿನುದ್ದಕ್ಕೂ ಹೇಳಿದ ಮಾತನ್ನು ಕೊನೆಯಲ್ಲಿ ನಡೆಸಿಯೂ ತೋರಿಸಿದರು.

ಹಾಗಾದರೆ ನಾವೇನು ಮಾಡಬಹುದು? ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು: ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ಪಂಚಾಯಿತಿ ಕಚೇರಿಯಲ್ಲಿ, ನಮ್ಮೂರಿನ ಜೀವವೈವಿಧ್ಯ ದಾಖಲೆ ತೋರಿಸಿ ಎಂದು ಕೇಳಿ. ನಿಮ್ಮ ಕೆರೆ, ನಿಮ್ಮ ಬನ, ನಿಮ್ಮ ಅಜ್ಜ ಬಿತ್ತುತ್ತಿದ್ದ ತಳಿ ಅದರಲ್ಲಿವೆಯೋ ನೋಡಿ. ತೋರಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಅರ್ಜಿ ಕನ್ನಡದಲ್ಲಿಯೇ ಇರಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬರೆಯಲು ಬಾರದವರಿಗೆ ನಮ್ಮ ಗುಮಾಸ್ತ ಮಿತ್ರರು ಈ ವಾಚನಾಲಯದಲ್ಲಿ ಕುಳಿತು ಬರೆದುಕೊಡಲಿ. ಪರರ ಅರ್ಜಿಗಳನ್ನು ದಿನವಿಡೀ ಬರೆಯುವ ಕೈಗೆ ನಮ್ಮವರದೊಂದು ಭಾರವಾಗದು.

ಎರಡನೆಯದು: ಪುಣೆಯ ಮಹಾನಗರಪಾಲಿಕೆಯೂ ಸ್ಥಳೀಯ ಸಂಸ್ಥೆಯೇ. ೪೧ನೆಯ ಕಲಮು ಅದಕ್ಕೂ ಸಲ್ಲುತ್ತದೆ. ನಾವು ಇಲ್ಲಿ ಹುಟ್ಟಿದವರಲ್ಲವೆಂದು ಹಿಂಜರಿಯಬೇಕಾಗಿಲ್ಲ. ಈ ನಗರದ ಟೇಕಡಿಗಳ ಗಾಳಿ, ನದಿಯ ನೀರು ನಮ್ಮದೂ ಹೌದು.

ಮೂರನೆಯದು: ಜೀವವೈವಿಧ್ಯ, ಅರಣ್ಯ ಹಕ್ಕು, ಮಾಹಿತಿ ಹಕ್ಕು ಈ ಮೂರು ಕಾಯಿದೆಗಳ ಕನ್ನಡ ಪ್ರತಿಗಳನ್ನೂ ಗಾಡ್ಗೀಳರ ಆತ್ಮಕಥೆಯ ಕನ್ನಡ ಪ್ರತಿಯನ್ನೂ ನಮ್ಮ ಕಪಾಟಿನಲ್ಲಿಡಲು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಕಾದಂಬರಿಗಳ ಪಕ್ಕದಲ್ಲಿ ಅವು ಸೊಗಸಾಗಿ ಕಾಣಲಿಕ್ಕಿಲ್ಲ. ತಿಂಗಳಿಗೊಮ್ಮೆ ನಾಲ್ಕು ಜನ ಕುಳಿತು ಒಂದೆರಡು ಕಲಮು ಗಟ್ಟಿಯಾಗಿ ಓದಿ ಚರ್ಚಿಸಿದರೆ ಸಾಕು. ಮೇಂಢಾ ಗ್ರಾಮದ ಗೋಂಡರು ಅಷ್ಟನ್ನೇ ಮಾಡಿದ್ದು.

ದೊಡ್ಡವರು ತೀರಿಕೊಂಡಾಗ ಭಾವಚಿತ್ರಕ್ಕೆ ಹಾರ ಹಾಕುವುದು ರೂಢಿ. ಹಾರ ಮರುದಿನ ಬಾಡುತ್ತದೆ. ಪಾಠ ಹೇಳಿದವರಿಗೆ ಶಿಷ್ಯರು ಸಲ್ಲಿಸಬೇಕಾದ ಕಾಣಿಕೆ ಪಾಠವನ್ನು ಒಪ್ಪಿಸುವುದೇ ಅಲ್ಲವೆ? ಮುಂದಿನ ಸಭೆಯಲ್ಲಿ ನಿಮ್ಮಲ್ಲೊಬ್ಬರು ತಮ್ಮ ಊರಿನ ದಾಖಲೆ ಪುಸ್ತಕವನ್ನು ಇಲ್ಲಿ ತಂದು ತೋರಿಸಿದರೆ ಈ ಸಭೆ ಸಾರ್ಥಕವಾಯಿತೆಂದು ತಿಳಿಯುತ್ತೇನೆ.